ಇನ್ನೂರರ ಗೆರೆ: ತುಮಕೂರಿನ ಒಂದು ಮನೆಯ ಕರೆಂಟ್ ಲೆಕ್ಕ

2025ರ ಏಪ್ರಿಲ್ ಬಳಕೆಗೆ ಮೇ ಮೊದಲ ವಾರ ಬಂದ ಬಿಲ್ ನೋಡಿ ನಮ್ಮನೆಯವರು ಮೀಟರ್ ಕೆಟ್ಟಿದೆ ಅಂತಲೇ ಅಂದುಕೊಂಡರು. 206 ಯೂನಿಟ್. ಹಿಂದಿನ ತಿಂಗಳು 181 ಯೂನಿಟ್ ಆಗಿತ್ತು, ಬಿಲ್ ಸೊನ್ನೆ ಬಂದಿತ್ತು. ಈ ಸಲ ಸಾವಿರದ ಎಂಟುನೂರು ರೂಪಾಯಿ ದಾಟಿತ್ತು. ಮೀಟರ್ ಸರಿಯಾಗಿಯೇ ಇತ್ತು. ಲೆಕ್ಕ ಗೊತ್ತಿಲ್ಲದೇ ಇದ್ದದ್ದು ನಮಗೆ.

ರಾಜ್ಯ ಸರ್ಕಾರದ ಉಚಿತ ಕರೆಂಟ್ ಯೋಜನೆಯಾದ ಗೃಹಜ್ಯೋತಿಯಲ್ಲಿ ಪ್ರತಿ ಮನೆಗೂ ಒಂದು ಮಿತಿ ಇರುತ್ತದೆ. ನಮ್ಮಷ್ಟು ಬಳಸುವ ಮನೆಗಳಿಗೆ, 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಬಳಸಿದ್ರೋ ಅದಕ್ಕೆ ಶೇಕಡಾ 10 ಸೇರಿಸಿದರೆ ಆ ಮಿತಿ ಸಿಗುತ್ತದೆ. ನಮ್ಮ ಸರಾಸರಿ 168, ಹಾಗಾಗಿ ಮಿತಿ 185 ಆಸುಪಾಸು. ಅದರೊಳಗೆ ಇದ್ದರೆ ಏನೂ ಕಟ್ಟಬೇಕಿಲ್ಲ. ಮಿತಿ ದಾಟಿ 200ರೊಳಗೆ ನಿಂತರೆ ಮಿತಿಗಿಂತ ಜಾಸ್ತಿಯಾದ ಯೂನಿಟ್‌ಗೆ ಮಾತ್ರ ದುಡ್ಡು. 200 ದಾಟಿತೋ, ಮೊದಲ ಯೂನಿಟ್‌ನಿಂದ ಹಿಡಿದು ಪೂರ್ತಿ ಬಿಲ್ ನಿಮ್ಮದೇ. ಅಂದರೆ ನಾವು 199ಕ್ಕೆ ನಿಂತಿದ್ದರೆ ನೂರು ರೂಪಾಯಿ ಸುತ್ತಮುತ್ತ ಆಗುತ್ತಿತ್ತು. ಏಳು ಯೂನಿಟ್ ಜಾಸ್ತಿಯಾಗಿದ್ದಕ್ಕೆ ಸಾವಿರದ ಎಂಟುನೂರು ಆಯಿತು. ಆ ಏಳು ಯೂನಿಟ್ ಎಲ್ಲಿ ಹೋಯಿತು ಎಂದು ಹುಡುಕುತ್ತಾ ಹೋದಾಗ ಎಪ್ಪತ್ತು ಯೂನಿಟ್ ಸಿಕ್ಕಿತು. ನಾನು ಹುಡುಕಿದ ಕ್ರಮದಲ್ಲೇ ಬರೆಯುತ್ತೇನೆ. ನೀವೂ ಒಂದು ಭಾನುವಾರ ಕೂತು ಮಾಡಬಹುದು.

ಮೊದಲು ಬಿಲ್ ಓದಿ

ಬಿಲ್ ಚೀಟಿಯನ್ನು ಕೆಳಗಿನ ಮೊತ್ತ ಮಾತ್ರ ನೋಡಿ ಡಬ್ಬಿಗೆ ಹಾಕುವವರೇ ಜಾಸ್ತಿ. ನಾನೂ ಹಾಗೇ ಇದ್ದೆ. ಅದರಲ್ಲಿ ಮೂರು ಸಾಲು ನೋಡಬೇಕು: ಮಂಜೂರಾದ ಲೋಡ್ (ಒಂದೇ ಸಲಕ್ಕೆ ಎಳೆಯಲು ನಿಮ್ಮ ಮನೆಗೆ ಒಪ್ಪಿಗೆ ಇರುವ ಕರೆಂಟ್) ಎಷ್ಟು ಕಿಲೋವಾಟ್, ನಿಗದಿತ ಶುಲ್ಕ ಎಷ್ಟು, ಯೂನಿಟ್ ದರ ಎಷ್ಟು.

2025ರ ಏಪ್ರಿಲ್‌ನಿಂದ ಮನೆ ಬಳಕೆಯ ದರ ಯೂನಿಟ್‌ಗೆ 5 ರೂಪಾಯಿ 90 ಪೈಸೆಯಿಂದ 5 ರೂಪಾಯಿ 80 ಪೈಸೆಗೆ ಇಳಿಯಿತು. ಕೇಳೋಕೆ ಚೆನ್ನಾಗಿದೆ. ಆದರೆ ಅದೇ ತಿಂಗಳಿಂದ ನೌಕರರ ಪಿಂಚಣಿ ಬಾಬ್ತಿಗೆ ಅಂತ ಯೂನಿಟ್‌ಗೆ 36 ಪೈಸೆ ಸೇರಿತು. ನಿಗದಿತ ಶುಲ್ಕ ಕಿಲೋವಾಟ್‌ಗೆ 120 ರೂಪಾಯಿ ಇದ್ದದ್ದು 145 ಆಯಿತು. ಹತ್ತು ಪೈಸೆ ಕೊಟ್ಟು ಮೂವತ್ತಾರು ಪೈಸೆ ತೆಗೆದುಕೊಂಡ ಹಾಗೆ.

ನಮ್ಮ 206 ಯೂನಿಟ್‌ನ ಲೆಕ್ಕ ಹೀಗಿತ್ತು. ಯೂನಿಟ್ ದರದ ಬಾಬ್ತು 1,195 ರೂಪಾಯಿ. ಪಿಂಚಣಿ ಬಾಬ್ತು 74. ಮಂಜೂರಾದ ಲೋಡ್ 3 ಕಿಲೋವಾಟ್, ಅದಕ್ಕೆ 435. ಯೂನಿಟ್ ದರದ ಮೇಲೆ ಶೇಕಡಾ 9 ತೆರಿಗೆ, 107. ಒಟ್ಟು 1,811. ಇಂಧನ ಹೊಂದಾಣಿಕೆ ಶುಲ್ಕ ತಿಂಗಳಿಂದ ತಿಂಗಳಿಗೆ ಬದಲಾಗುವುದರಿಂದ ಅದನ್ನು ಬಿಟ್ಟಿದ್ದೇನೆ. ಆ ದರದಲ್ಲಿ ಪೂರ್ತಿ ಬಿಲ್ ಕಟ್ಟುವವರಿಗೆ ಒಂದು ಯೂನಿಟ್ ಉಳಿಸಿದರೆ 6 ರೂಪಾಯಿ 68 ಪೈಸೆ ಉಳಿತಾಯ.

ಇಲ್ಲಿ ನಾನು ಮಾಡಿದ ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ಅಂಗಡಿಯವರು "ಅಮ್ಮಾ, ಇದು ಐದೇ ನಿಮಿಷದಲ್ಲಿ ಕಾಯುತ್ತೆ, ಕರೆಂಟ್ ಕಮ್ಮಿ" ಅಂದ ಮಾತು ನಂಬಿ 3 ಕಿಲೋವಾಟ್‌ನ ಇನ್‌ಸ್ಟಂಟ್ ಗೀಸರ್ ತಂದೆ. ನೀರು ಬೇಗ ಕಾಯುತ್ತದೆ, ನಿಜ. ಆದರೆ ಒಂದು ಬಕೆಟ್ ನೀರಿಗೆ ಬೇಕಾದ ಶಾಖ ಐದು ನಿಮಿಷದಲ್ಲಿ ಕೊಟ್ಟರೂ ಅಷ್ಟೇ, ಹದಿನೈದು ನಿಮಿಷದಲ್ಲಿ ಕೊಟ್ಟರೂ ಅಷ್ಟೇ. ಆ ಗೀಸರ್, ಬೋರ್ ಮೋಟಾರ್, ಇಸ್ತ್ರಿ ಪೆಟ್ಟಿಗೆ ಮೂರೂ ಬೆಳಗ್ಗೆ ಏಳಕ್ಕೆ ಒಟ್ಟಿಗೆ ಓಡಿದರೆ ಮೀಟರ್‌ನಲ್ಲಿ ಗರಿಷ್ಠ ಬೇಡಿಕೆ ಮಂಜೂರಾದ ಲೋಡ್ ದಾಟುತ್ತದೆ. ಹಾಗೆ ಆಗಾಗ ದಾಟುತ್ತಿದ್ದರೆ ಲೋಡ್ ಹೆಚ್ಚಿಸಿಕೊಳ್ಳಿ ಎಂದು ನೋಟಿಸ್ ಬರಬಹುದು. 2025ರ ದರದಲ್ಲಿ ಒಂದು ಕಿಲೋವಾಟ್ ಹೆಚ್ಚಿದರೆ ಪೂರ್ತಿ ಬಿಲ್ ಬರುವ ತಿಂಗಳು 145 ರೂಪಾಯಿ ಸೇರುತ್ತಿತ್ತು. ಆದ್ದರಿಂದ ದೊಡ್ಡ ಸಾಮಾನುಗಳನ್ನು ಒಂದಾದ ಮೇಲೆ ಒಂದು ಓಡಿಸಿ.

ಒಂದೇ ಆರ್‌ಆರ್ ನಂಬರಿನಲ್ಲಿ (ಬಿಲ್ ಮೇಲಿರುವ ಕರೆಂಟ್ ಸಂಪರ್ಕದ ಸಂಖ್ಯೆ) ಎರಡು ಮನೆ ನಡೆಸುವ ಓನರ್‌ಗಳು ನಮ್ಮ ಊರಲ್ಲಿ ಬೇಕಾದಷ್ಟಿದ್ದಾರೆ. ಎರಡು ಸಂಸಾರ ಒಂದೇ ಮೀಟರ್‌ನಲ್ಲಿದ್ದರೆ 200ರೊಳಗೆ ಇರುವುದು ಕಷ್ಟ. ಅಂಥ ಕಡೆ ಫ್ಯಾನ್ ಬದಲಾಯಿಸುವ ಮೊದಲು ಬೇರೆ ಮೀಟರ್ ಹಾಕಿಸುವ ಮಾತಾಡಿ. ಬೇರೆ ಉಪಾಯ ಎಲ್ಲ ಆಮೇಲೆ.

ಮೀಟರ್‌ನ ಕೆಂಪು ದೀಪ ಎಣಿಸುವುದು

ಯಾವ ಸಾಮಾನು ಎಷ್ಟು ಕರೆಂಟ್ ತಿನ್ನುತ್ತದೆ ಎಂದು ತಿಳಿಯಲು ಏನೂ ಕೊಳ್ಳಬೇಕಿಲ್ಲ. ಡಿಜಿಟಲ್ ಮೀಟರ್ ಮೇಲೆ ಮಿಣುಕುವ ಒಂದು ಸಣ್ಣ ಕೆಂಪು ದೀಪ ಇರುತ್ತದೆ. ಒಂದು ಯೂನಿಟ್‌ಗೆ ಅದು ಎಷ್ಟು ಸಲ ಮಿಣುಕುತ್ತದೆ ಎಂದು ಪಕ್ಕದಲ್ಲೇ ಬರೆದಿರುತ್ತದೆ. ನಮ್ಮದರಲ್ಲಿ 3200.

ಮನೆಯ ಎಲ್ಲಾ ಸ್ವಿಚ್ ಆಫ್ ಮಾಡಿ. ಫ್ರಿಜ್ ಪ್ಲಗ್ ತೆಗೆಯಿರಿ, ಯುಪಿಎಸ್ ಇದ್ದರೆ ಅದನ್ನೂ ಆಫ್ ಮಾಡಿ. ಈಗ ಒಂದೇ ಒಂದು ಫ್ಯಾನ್ ಹಾಕಿ, ಮೊಬೈಲ್‌ನಲ್ಲಿ ಗಡಿಯಾರ ಇಟ್ಟು ಐದು ನಿಮಿಷ ಎಣಿಸಿ. ಸಿಕ್ಕಿದ್ದನ್ನು ಐದರಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಎಂದು ಬರುತ್ತದೆ. ಅದನ್ನು 60ರಿಂದ ಗುಣಿಸಿ 3200ರಿಂದ ಭಾಗಿಸಿ. ನಿಮಿಷಕ್ಕೆ 4 ಸಲ ಬಂದರೆ 0.075 ಕಿಲೋವಾಟ್, ಅಂದರೆ 75 ವಾಟ್. ಹಳೇ ಸೀಲಿಂಗ್ ಫ್ಯಾನ್ ಸಾಮಾನ್ಯವಾಗಿ ಅಷ್ಟೇ ಎಳೆಯುವುದು. ಆಮೇಲೆ ಟಿವಿ, ಆಮೇಲೆ ಟ್ಯೂಬ್‌ಲೈಟ್, ಹೀಗೆ ಒಂದೊಂದೇ ಹಾಕಿ ನೋಡಿ. ಮಗಳನ್ನು ಮೀಟರ್ ಹತ್ತಿರ ನಿಲ್ಲಿಸಿ ನಾನು ಒಳಗಿಂದ ಸ್ವಿಚ್ ಹಾಕುತ್ತಿದ್ದೆ. ಅವಳ ಗಣಿತದ ಹೋಮ್‌ವರ್ಕ್ ಕೂಡ ಆಯಿತು ಅನ್ನಿ.

ಎಲ್ಲಾ ಆಫ್ ಆದ ಮೇಲೂ ದೀಪ ಮಿಣುಕುತ್ತಿದ್ದರೆ ಅಲ್ಲೇ ನಿಲ್ಲಿ. ಎಲ್ಲೋ ಲೀಕ್ ಇದೆ, ಇಲ್ಲವೇ ನಿಮಗೆ ಗೊತ್ತಿಲ್ಲದ ಒಂದು ಲೈನ್ ಓಡುತ್ತಿದೆ. ನಮ್ಮಲ್ಲಿ ಸಂಪ್ ಮೋಟಾರ್ ವೈರಿನ ಜಾಯಿಂಟ್ ಒದ್ದೆಯಾಗಿತ್ತು. ಇದು ದುಡ್ಡಿನ ಮಾತಷ್ಟೇ ಅಲ್ಲ, ಜೀವಕ್ಕೂ ಅಪಾಯ. ಲೈಸೆನ್ಸ್ ಇರುವ ವೈರ್‌ಮನ್ ಕರೆಸಿ. ಮೀಟರ್ ಸೀಲ್ ಮಾತ್ರ ಯಾರೂ ಮುಟ್ಟಬೇಡಿ, ಮೀಟರ್‌ದೇ ತೊಂದರೆ ಅನ್ನಿಸಿದರೆ ನಮ್ಮ ಕಡೆ ಕರೆಂಟ್ ಕೊಡುವ ಕಂಪನಿ ಬೆಸ್ಕಾಂನ 1912ಕ್ಕೆ ಫೋನ್ ಮಾಡಿ.

ಇಷ್ಟು ಎಣಿಸಿದ ಮೇಲೆ ನನಗೆ ಗೊತ್ತಾದದ್ದು ಇದು. ಕರೆಂಟ್ ತಿನ್ನುವುದು ಮೂರು ಕೆಲಸ: ಬಿಸಿ ಮಾಡುವುದು, ನೀರು ಎತ್ತುವುದು, ಹಗಲೂ ರಾತ್ರಿ ಓಡುವುದು. ಉಳಿದದ್ದೆಲ್ಲ ಚಿಲ್ಲರೆ. ಮಿಕ್ಸಿ ಎಷ್ಟೇ ಅಬ್ಬರಿಸಿದರೂ ಓಡುವುದು ದಿನಕ್ಕೆ ಹತ್ತು ನಿಮಿಷ. ಚಟ್ನಿಗೆ ರುಬ್ಬೋ ಕಲ್ಲಿಗೆ ವಾಪಸ್ ಹೋಗಬೇಕಿಲ್ಲ. ಫೋನ್ ಚಾರ್ಜರ್ ಪ್ಲಗ್‌ನಲ್ಲೇ ಬಿಟ್ಟರು ಅಂತ ಮಕ್ಕಳಿಗೆ ಬೈಯುವುದನ್ನೂ ಬಿಟ್ಟಿದ್ದೇನೆ, ಅದರಲ್ಲಿ ತಿಂಗಳಿಗೆ ಒಂದು ಯೂನಿಟ್ ಕೂಡ ಹೋಗುವುದಿಲ್ಲ.

ಸ್ನಾನದ ನೀರು

ಚಳಿಗಾಲದಲ್ಲಿ ಟ್ಯಾಂಕ್ ನೀರು 20 ಡಿಗ್ರಿ ಆಸುಪಾಸು ಇರುತ್ತದೆ. ಅದನ್ನು 40ಕ್ಕೆ ತರಲು 20 ಲೀಟರ್ ಬಕೆಟ್‌ಗೆ ಅರ್ಧ ಯೂನಿಟ್‌ಗೆ ಚೂರು ಕಮ್ಮಿ ಬೇಕು. ನಾಲ್ಕು ಜನ, ತಲಾ ಒಂದು ಬಕೆಟ್ ಅಂದರೆ ತಿಂಗಳಿಗೆ 55 ಯೂನಿಟ್ ಸಮೀಪ. ಶವರ್ ಆದರೆ ಐದೇ ನಿಮಿಷಕ್ಕೆ ಎರಡು ಬಕೆಟ್ ನೀರು ಸಲೀಸಾಗಿ ಹೋಗುತ್ತದೆ. ಗೀಸರ್ ಯಾವ ಕಂಪನಿದು ಅನ್ನುವುದಕ್ಕಿಂತ ನೀರು ಎಷ್ಟು ಸುರಿಯುತ್ತೀರಿ ಅನ್ನುವುದೇ ಮುಖ್ಯ.

ಸ್ಟೋರೇಜ್ ಗೀಸರ್ ಇದ್ದರೆ ಬಿಸಿಯ ಮಟ್ಟ 50 ಡಿಗ್ರಿಗೆ ಇಡಿ. ಸ್ನಾನಕ್ಕೆ ಕಾಲು ಗಂಟೆ ಮೊದಲು ಹಾಕಿ, ಆಮೇಲೆ ಆಫ್ ಮಾಡಿ. ದಿನವಿಡೀ ಆನ್ ಬಿಟ್ಟರೆ ಯಾರೂ ಸ್ನಾನ ಮಾಡದಿದ್ದರೂ ನೀರು ತಣಿದು, ಮತ್ತೆ ಕಾದು, 15 ಲೀಟರ್ ಗೀಸರ್‌ನಲ್ಲೇ ಅರ್ಧ ಯೂನಿಟ್ ಆಸುಪಾಸು ಹೋಗುತ್ತದೆ. ಬೋರ್ ನೀರು ಗಡಸು. ಎಲಿಮೆಂಟ್ ಮೇಲೆ ಬಿಳಿ ಉಪ್ಪು ಕಟ್ಟಿಕೊಂಡು ಕಾಯುವುದು ನಿಧಾನವಾಗುತ್ತದೆ, ಕೊನೆಗೆ ಎಲಿಮೆಂಟ್ ಸುಟ್ಟು ಹೋಗುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿಸಿ ತೊಳೆಸಿ.

ಗುಬ್ಬಿ ಕಡೆಯ ನಮ್ಮ ಅತ್ತೆ ಇದನ್ನೆಲ್ಲ ಕೇಳಿ ನಕ್ಕರು. "ಹಿತ್ತಲಲ್ಲಿ ಮಟ್ಟೆ ಒಟ್ಟಿದೆ, ಕರಟ ಮೂಟೆಗಟ್ಟಲೆ ಬಿದ್ದಿದೆ, ನೀನು ನೀರು ಕಾಯಿಸೋಕೆ ಸ್ವಿಚ್ ಒತ್ತೀಯ!" ತೆಂಗಿನ ಸೀಮೆಯಲ್ಲಿ ಹುಟ್ಟಿ ಹಂಡೆ ಒಲೆ ಮರೆತಿದ್ದು ನಮ್ಮದೇ ತಪ್ಪು ಅನ್ನಿಸಿತು. ಜಾಗ ಇರುವವರು, ಹೊಗೆ ಮನೆಯೊಳಗೆ ಬಾರದ ಹಾಗೆ ಹೊರಗಡೆ ಬಚ್ಚಲು ಇರುವವರು ಹಂಡೆಗೆ ಮರಳಬಹುದು. ಸಿಟಿಯಲ್ಲಿ ಮಹಡಿ ಮೇಲೆ ಇರುವವರಿಗೆ ಅದು ಆಗದ ಮಾತು, ಪಕ್ಕದ ಮನೆಯವರು ಜಗಳಕ್ಕೆ ಬರುತ್ತಾರೆ. ಅವರಿಗೆ ಸೋಲಾರ್ ವಾಟರ್ ಹೀಟರ್ ಸರಿ. ನಾಲ್ಕು ಜನಕ್ಕೆ 100 ಲೀಟರ್‌ನದು ಸಾಕು. ಅದಕ್ಕೆ ಬೋರ್ ನೀರಿನ ಬದಲು ನಲ್ಲಿಯ ಹೇಮಾವತಿ ನೀರು ಬಿಟ್ಟರೆ ಬಾಳಿಕೆ ಜಾಸ್ತಿ. ಮೋಡ ಕವಿದ ದಿನಕ್ಕೆ ಬ್ಯಾಕಪ್ ಕಾಯಿಲ್ ಇರುತ್ತದಲ್ವಾ, ಅದರ ಸ್ವಿಚ್ ಮರೆತು ಆನ್ ಬಿಟ್ಟರೆ ಸೋಲಾರ್ ಇದ್ದೂ ಬಿಲ್ ಬರುತ್ತದೆ. ಆ ಸ್ವಿಚ್ ಮೇಲೆ ಒಂದು ಚೀಟಿ ಅಂಟಿಸಿ.

ನೀರು ಎತ್ತುವ ಲೆಕ್ಕ

ಬಯಲು ಸೀಮೆಯ ಮನೆಗಳಿಗೆ ಇದೇ ದೊಡ್ಡ ಅಧ್ಯಾಯ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಕಡೆ ಬೋರ್ ಆಳ ಕೇಳಿದರೆ ತಲೆ ತಿರುಗುತ್ತದೆ. ಆದರೆ ಮಲೆನಾಡಿನವರು ಬರೆದ ಉಳಿತಾಯದ ಸಲಹೆಗಳಲ್ಲಿ ಇದರ ಸುದ್ದಿಯೇ ಇರುವುದಿಲ್ಲ.

ನಮ್ಮ ಬೋರ್‌ನಲ್ಲಿ ನೀರು ಸುಮಾರು 500 ಅಡಿಯಲ್ಲಿದೆ. ಸಾವಿರ ಲೀಟರ್ ನೀರನ್ನು ಅಷ್ಟು ಮೇಲಕ್ಕೆ ಎತ್ತಲು ಭೌತಶಾಸ್ತ್ರದ ಪ್ರಕಾರ 0.4 ಯೂನಿಟ್ ಸಾಕು. ಮೋಟಾರಿನ ಬಿಸಿ, ಪಂಪಿನ ಸವೆತ, ಪೈಪಿನ ಘರ್ಷಣೆ ಎಲ್ಲ ಕಳೆದು ನಮ್ಮ 2 ಎಚ್‌ಪಿ ಸಬ್‌ಮರ್ಸಿಬಲ್‌ಗೆ ಹತ್ತಿರ ಹತ್ತಿರ 1.4 ಯೂನಿಟ್ ಬೇಕು. ಅದೇ ಸಾವಿರ ಲೀಟರನ್ನು ಸಂಪ್‌ನಿಂದ 30 ಅಡಿ ಮೇಲಿನ ಟ್ಯಾಂಕ್‌ಗೆ ಅರ್ಧ ಎಚ್‌ಪಿ ಮೋಟಾರ್ ಎತ್ತಿದರೆ ಕಾಲು ಯೂನಿಟ್ ಸಾಕು. ಹಾಗಾಗಿ ನಲ್ಲಿ ನೀರು ಬಂದ ದಿನ ಸಂಪ್ ತುಂಬಿಸಿಕೊಳ್ಳಿ, ಬೋರ್ ಹಾಕಬೇಡಿ. ನಾವು ಅಭ್ಯಾಸ ಬಲದಿಂದ ಎರಡನ್ನೂ ಹಾಕುತ್ತಿದ್ದೆವು.

ಟ್ಯಾಂಕ್ ತುಂಬಿ ಹರಿಯುವ ಶಬ್ದ ಬೀದಿಯಲ್ಲಿ ದಿನಾ ಕೇಳುತ್ತದಲ್ವಾ? ಬೋರ್ ಮೋಟಾರ್ ದಿನಕ್ಕೆ ಹತ್ತು ನಿಮಿಷ ಸುಮ್ನೆ ಓಡಿದರೆ ತಿಂಗಳಿಗೆ 10 ಯೂನಿಟ್. ನಮಗೆ ಗೆರೆ ದಾಟಿಸಿದ ಏಳಕ್ಕಿಂತ ಜಾಸ್ತಿ! ಟ್ಯಾಂಕ್‌ಗೆ ನೀರಿನ ಮಟ್ಟ ನೋಡಿ ತಾನೇ ಆಫ್ ಆಗುವ ಸ್ವಿಚ್ ಹಾಕಿಸಿ. ಆಮೇಲೆ ಕಕ್ಕಸಿನ ಫ್ಲಶ್ ಟ್ಯಾಂಕ್ ಸೋರುತ್ತಿದೆಯಾ ನೋಡಿ. ಅದರಲ್ಲಿ ಒಂದು ಚಿಟಿಕೆ ಅರಿಶಿನ ಕಲಸಿ ಅರ್ಧ ಗಂಟೆ ಬಿಡಿ. ಕೆಳಗೆ ಹಳದಿ ಇಳಿದರೆ ಸೋರುತ್ತಿದೆ ಎಂದರ್ಥ. 500 ಅಡಿಯಿಂದ ದುಡ್ಡು ಕೊಟ್ಟು ಎತ್ತಿದ ನೀರು ಅದು.

ಇನ್ನೊಂದು ಪರೀಕ್ಷೆ. ಖಾಲಿ ಟ್ಯಾಂಕ್ ತುಂಬಲು ಎಷ್ಟು ನಿಮಿಷ ಬೇಕು ಎಂದು ಗೋಡೆಯ ಮೇಲೆ ದಿನಾಂಕದ ಜೊತೆ ಬರೆದಿಡಿ. ಆರು ತಿಂಗಳ ಮೇಲೆ 40 ನಿಮಿಷ ಇದ್ದದ್ದು 60 ಆಗಿದ್ದರೆ, ಒಂದೋ ನೀರು ಕೆಳಗಿಳಿದಿದೆ, ಇಲ್ಲ ಒಳಗಿನ ಪೈಪ್ ತೂತಾಗಿದೆ, ಇಲ್ಲ ಪಂಪ್ ಸವೆದಿದೆ. ನೀರು ಕೆಳಗಿಳಿದಿದ್ದರೆ ನಮ್ಮ ಕೈಲಿಲ್ಲ, ಉಳಿದ ಎರಡಕ್ಕೆ ರಿಪೇರಿ ಇದೆ. ವೋಲ್ಟೇಜ್ ಬಿದ್ದಿರುವಾಗ ಬೋರ್ ಹಾಕಬೇಡಿ, ಮೋಟಾರ್ ಕಾದು ಕಾಯಿಲ್ ಸುಡುತ್ತದೆ.

ಹಗಲೂ ರಾತ್ರಿ ಓಡುವವು

ಫ್ರಿಜ್‌ಗೆ ದೀಪ ಎಣಿಸುವ ಉಪಾಯ ನಡೆಯುವುದಿಲ್ಲ, ಅದು ಆನ್ ಆಫ್ ಆಗುತ್ತಾ ಇರುತ್ತದೆ. ಒಂದು ದಿನಕ್ಕೆ ಎಲ್ಲರೂ ಊರಿಗೋ ದೇವರಾಯನದುರ್ಗಕ್ಕೋ ಹೋಗುವಾಗ ಫ್ರಿಜ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಆಫ್ ಮಾಡಿ. ಹೋಗುವಾಗ ಮೀಟರ್ ಫೋಟೊ, ಬಂದಾಗ ಮತ್ತೊಂದು ಫೋಟೊ. ನಮ್ಮ 2011ರ ಫ್ರಿಜ್ 24 ಗಂಟೆಗೆ 1.6 ಯೂನಿಟ್ ತಿಂದಿತ್ತು, ತಿಂಗಳಿಗೆ 48. ಹೊಸ ಫ್ರಿಜ್ ಕೊಳ್ಳುವಾಗ ನಕ್ಷತ್ರ ಎಣಿಸಬೇಡಿ, ಲೇಬಲ್ ಮೇಲೆ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಬರೆದಿರುತ್ತದೆ, ಅದನ್ನು ಓದಿ. 180 ಎಂದಿದ್ದರೆ ದಿನಕ್ಕೆ ಅರ್ಧ ಯೂನಿಟ್. ನಕ್ಷತ್ರದ ಅಳತೆಯನ್ನು ಆಗಾಗ ಬಿಗಿ ಮಾಡುತ್ತಾರೆ, ಹಳೇ ಐದು ನಕ್ಷತ್ರ ಇವತ್ತಿನ ಐದು ನಕ್ಷತ್ರ ಅಲ್ಲ.

ಹೊಸದು ಬೇಡ ಅಂದರೆ ಇದ್ದದ್ದನ್ನೇ ಸರಿಮಾಡಿ. ಬಾಗಿಲಿಗೆ ಹತ್ತು ರೂಪಾಯಿ ನೋಟು ಸಿಕ್ಕಿಸಿ ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ರಬ್ಬರ್ ಹೋಗಿದೆ, ಅದು ಬೇರೆಯಾಗಿ ಸಿಗುತ್ತದೆ. ಹಿಂದೆ ಗೋಡೆಗೆ ಒಂದು ಗೇಣು ಜಾಗ ಬಿಡಿ. ಸಾರು ಆರಿದ ಮೇಲೆ ಒಳಗಿಡಿ. ಮಂಜು ಬೆರಳು ದಪ್ಪ ಕಟ್ಟುವವರೆಗೂ ಕಾಯಬೇಡಿ.

ಫ್ಯಾನ್ ಬಗ್ಗೆ ನನಗೆ ಮೊದಲು ನಂಬಿಕೆ ಇರಲಿಲ್ಲ. ಹಳೇ 75 ವಾಟ್ ಫ್ಯಾನ್ ಬೇಸಿಗೆಯಲ್ಲಿ ದಿನಕ್ಕೆ 14 ಗಂಟೆ ಓಡಿದರೆ ತಿಂಗಳಿಗೆ 31 ಯೂನಿಟ್. ಕಮ್ಮಿ ಕರೆಂಟ್ ಎಳೆಯುವ ಹೊಸ ಬಗೆಯ ಮೋಟಾರಿನ ಬಿಎಲ್‌ಡಿಸಿ ಫ್ಯಾನ್ 30 ವಾಟ್ ಆಸುಪಾಸು, ಅದಕ್ಕೆ 12 ಯೂನಿಟ್ ಸಾಕು. ಹಾಲ್‌ನದು, ಮಲಗುವ ಕೋಣೆಯದು ಎರಡೇ ಬದಲಾಯಿಸಿದೆವು, 38 ಯೂನಿಟ್ ಇಳಿಯಿತು. ಒಂದಕ್ಕೆ ಮೂರು ಸಾವಿರ ಸುತ್ತಮುತ್ತ ಬಿತ್ತು. ದಿನಕ್ಕೆ ಒಂದು ಗಂಟೆ ಓಡುವ ಅಡುಗೆಮನೆ ಫ್ಯಾನ್ ಬದಲಿಸಿದರೆ ಆ ದುಡ್ಡು ಯಾವ ಕಾಲಕ್ಕೂ ವಾಪಸ್ ಬರುವುದಿಲ್ಲ. ಬಿಎಲ್‌ಡಿಸಿ ಹಾಕುವಾಗ ಹಳೇ ರೆಗ್ಯುಲೇಟರ್ ತೆಗೆಸಿ ನೇರ ಲೈನ್ ಕೊಡಿಸಬೇಕು, ಇಲ್ಲದಿದ್ದರೆ ಒಳಗಿನ ಸರ್ಕ್ಯೂಟ್ ಹೋಗುತ್ತದೆ. ಫ್ಯಾನ್ ಬದಲಿಸದವರು ಕೈಯಿಟ್ಟರೆ ಬಿಸಿಯಾಗುವ ಹಳೇ ದಪ್ಪ ರೆಗ್ಯುಲೇಟರನ್ನಾದರೂ ತೆಗೆದು ಎಲೆಕ್ಟ್ರಾನಿಕ್‌ನದು ಹಾಕಿಸಿ. ಹಳೆಯದು ಫ್ಯಾನ್ ನಿಧಾನ ಮಾಡಿ, ಉಳಿಯಬೇಕಾದ ಕರೆಂಟಿನಲ್ಲಿ ಬಹಳಷ್ಟನ್ನು ತಾನೇ ಬಿಸಿ ಮಾಡಿ ಕಳೆಯುತ್ತದೆ.

ಸೆಟ್‌ಟಾಪ್ ಬಾಕ್ಸ್ ರಿಮೋಟ್‌ನಲ್ಲಿ ಆಫ್ ಮಾಡಿದರೂ ಬೆಚ್ಚಗಿರುತ್ತದೆ. 10 ವಾಟ್, 24 ಗಂಟೆ, ತಿಂಗಳಿಗೆ 7 ಯೂನಿಟ್. ಗೋಡೆಯ ಸ್ವಿಚ್ ಆಫ್ ಮಾಡಿ. ಇನ್ನು ದೇವರ ಮನೆಯ ಜೀರೋ ಬಲ್ಬ್! ಹೆಸರು ಜೀರೋ, ಎಳೆಯುವುದು 15 ವಾಟ್ ಆಸುಪಾಸು. ಹಗಲೂ ರಾತ್ರಿ ಉರಿದರೆ ತಿಂಗಳಿಗೆ 10 ಯೂನಿಟ್ ದಾಟುತ್ತದೆ. ಮಂಡಿಪೇಟೆಯಲ್ಲಿ ಅರ್ಧ ವಾಟ್‌ನ ಎಲ್‌ಇಡಿ ತಂದು ಹಾಕಿದೆ. ಅತ್ತೆಗೆ ಬಣ್ಣ ಮೊದಲಿನಷ್ಟು ಕೆಂಪಗಿಲ್ಲ ಅನ್ನುವುದೊಂದೇ ಬೇಜಾರು. ಉಳಿದ ದೀಪಗಳು ಹೆಚ್ಚಿನ ಮನೆಗಳಲ್ಲಿ ಎಲ್‌ಇಡಿ ಆಗಿಬಿಟ್ಟಿವೆ. ಚೋಕ್ ಇರುವ ಹಳೇ ಟ್ಯೂಬ್‌ಲೈಟ್ ಎಲ್ಲಾದರೂ ಉಳಿದಿದ್ದರೆ, ಅದು 50 ವಾಟ್ ದಾಟುತ್ತದೆ, 20 ವಾಟ್ ಎಲ್‌ಇಡಿ ಪಟ್ಟಿ ಹಾಕಿ.

ಎಸಿ ಇರುವವರು 24 ಡಿಗ್ರಿಗಿಂತ ಕೆಳಗೆ ಇಡಬೇಡಿ, ಜೊತೆಗೆ ನಿಧಾನವಾಗಿ ಫ್ಯಾನ್ ಹಾಕಿ. ಮಹಡಿ ಮನೆಯವರು ಅದಕ್ಕೂ ಮೊದಲು ತಾರಸಿಗೆ ಬಿಳಿ ಬಣ್ಣ ಹೊಡೆಸಿ ನೋಡಿ. ನಾವು ಮಾರ್ಚ್‌ನಲ್ಲಿ ಸುಣ್ಣ ಹೊಡೆಸಿದೆವು. ರಾತ್ರಿ ಸೂರು ಕಾವು ಬಿಡುವುದು ಕಮ್ಮಿಯಾಯಿತು. ಮಳೆಗೆ ಸುಣ್ಣ ತೊಳೆದು ಹೋಗುತ್ತದೆ, ಪ್ರತಿ ವರ್ಷ ಹೊಡೆಸಬೇಕು.

ದುಡ್ಡು ಎಲ್ಲಿಂದ ಶುರು ಮಾಡಬೇಕು

ಮೊದಲು ದುಡ್ಡೇ ಬೇಡದ ಕೆಲಸ: ಬೋರ್ ಬದಲು ಸಂಪ್, ಗೀಸರ್ ಸಮಯ, ಸೆಟ್‌ಟಾಪ್ ಸ್ವಿಚ್. ಆಮೇಲೆ ನೂರಿನ್ನೂರರ ಕೆಲಸ: ದೇವರ ಮನೆ ಬಲ್ಬ್, ಫ್ಲಶ್ ವಾಷರ್. ಆಮೇಲೆ ಟ್ಯಾಂಕ್ ಸ್ವಿಚ್, ಜಾಸ್ತಿ ಓಡುವ ಫ್ಯಾನ್. ಫ್ರಿಜ್ ಕೊನೆಗೆ. ಮೇನಲ್ಲೂ ಗೆರೆ ದಾಟಿದ್ದ ನಾವು ಈ ಕ್ರಮದಲ್ಲಿ ಹೋಗಿ ಜೂನ್‌ನಲ್ಲಿ 141ಕ್ಕೆ ಬಂದೆವು. ಫ್ರಿಜ್ ಇನ್ನೂ ಹಳೆಯದೇ ಇದೆ, ರಬ್ಬರ್ ಮಾತ್ರ ಹೊಸದು. ಜೂನ್‌ನಲ್ಲಿ ಸೆಕೆ ಕಮ್ಮಿ, ಆ ಪಾಲನ್ನೂ ಕಳೆದು ನೋಡಬೇಕು.

ತಾರಸಿಗೆ ಸೋಲಾರ್ ಫಲಕ ಹಾಕಿಸೋಣವಾ ಎಂದು ಎಲ್ಲರೂ ಕೇಳುತ್ತಾರೆ. ನಮ್ಮ ಜಿಲ್ಲೆಯ ಪಾವಗಡದಲ್ಲೇ ರೈತರ ಜಮೀನು ಗುತ್ತಿಗೆಗೆ ಪಡೆದು ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಮಾಡಿದ್ದಾರೆ. ಬಿಸಿಲಿಗೇನೂ ಬರ ಇಲ್ಲ ಬಿಡಿ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವಾಟ್‌ಗೆ 30,000, 2ಕ್ಕೆ 60,000, 3 ಅಥವಾ ಅದಕ್ಕಿಂತ ಜಾಸ್ತಿಗೆ 78,000 ರೂಪಾಯಿ ಸಹಾಯಧನ ಇದೆ. ಒಂದು ಕಿಲೋವಾಟ್ ದಿನಕ್ಕೆ 4 ಯೂನಿಟ್ ಆಸುಪಾಸು ಕೊಡುತ್ತದೆ. ಆದರೆ ಗೃಹಜ್ಯೋತಿಯ ಮಿತಿಯೊಳಗೆ ಸೊನ್ನೆ ಬಿಲ್ ಬರುವವರಿಗೆ ಹಾಕಿದ ಬಂಡವಾಳ ಬೇಗ ವಾಪಸ್ ಬರುವುದಿಲ್ಲ. ಪ್ರತಿ ತಿಂಗಳೂ 300 ಯೂನಿಟ್ ದಾಟುವವರು ಯೋಚಿಸಬಹುದು. ಅವರೂ ಮೊದಲು ಫ್ಯಾನ್, ನೀರಿನ ಕೆಲಸ ಮುಗಿಸಲಿ. 3 ಕಿಲೋವಾಟ್ ಬೇಕೆಂದುಕೊಂಡ ಮನೆಗೆ 2 ಸಾಕಾಗುತ್ತದೆ.

ಈಗ ನಮ್ಮಲ್ಲಿ ಮೀಟರ್ ರೀಡರ್ ಬಂದು ಹೋದ ದಿನದ ಅಂಕಿಯನ್ನು ಅಡುಗೆಮನೆ ಕ್ಯಾಲೆಂಡರ್ ಮೇಲೆ ಬರೆಯುತ್ತೇವೆ. ಅಲ್ಲಿಂದ ಹದಿನೈದನೇ ದಿನ ಮತ್ತೆ ನೋಡುತ್ತೇವೆ. 90 ದಾಟಿದ್ದರೆ ಉಳಿದ ಹದಿನೈದು ದಿನ ಇಸ್ತ್ರಿ ಬಟ್ಟೆ ಬೀದಿ ಕೊನೆಯ ಅಂಗಡಿಗೆ, ಬೋರ್ ಎರಡು ದಿನಕ್ಕೊಮ್ಮೆ. ಈ ತಿಂಗಳು ಹದಿನೈದನೇ ದಿನಕ್ಕೆ 74 ಇತ್ತು. ಮಗಳು ಅದರ ಪಕ್ಕದಲ್ಲಿ ಹಸಿರು ಪೆನ್ನಿನಲ್ಲಿ ಸರಿ ಗುರುತು ಹಾಕಿದ್ದಾಳೆ.